‘ನಿಮ್ಮೊಬ್ಬರಿಗೇ ಹೀಗಾಗಿರೋದು’: ಬ್ರಿಟನ್ ಅಂಚೆ ಕಚೇರಿಯ ಸುಳ್ಳು ಕೇಸುಗಳ ಕತೆ

ಉದ್ದದ ಪೋಸ್ಟ್ ಇದು. ಊಟ ಮುಗಿಸಿ, ಪುರುಸೊತ್ತು ಮಾಡ್ಕೊಂಡು ಓದಿ.

ಯಾವುದೋ ಆಫೀಸಲ್ಲೋ, ಸೊಸೈಟಿಯಲ್ಲೋ ಲೆಕ್ಕ ಕಮ್ಮಿ ಬಂದು ಒಬ್ಬ ಕ್ಲರ್ಕನ್ನ ಪೊಲೀಸರು ಎತ್ತಾಕ್ಕೊಂಡು ಹೋದರು ಅಂತ ಸುದ್ದಿ ಬಂದರೆ ಊರೆಲ್ಲ ಏನನ್ನುತ್ತೆ? ‘ತಿಂದಿರ್ತಾನೆ ಬಿಡಿ’ ಅನ್ನುತ್ತೆ. ದೌರ್ಜನ್ಯದ ಕೇಸು ಅಂದರೆ ಮಧ್ಯರಾತ್ರಿ ಎದ್ದು ಠಾಣೆ ಮುಂದೆ ನಿಲ್ಲೋ ನಮ್ಮ ಸಂಘಟನೆಗಳೂ ‘ಹಣ ದುರುಪಯೋಗ’ ಅನ್ನೋ ಮಾತು ಕೇಳಿದ ಕೂಡಲೇ ಸುಮ್ಮನಾಗಿಬಿಡ್ತವೆ. ಆರೋಪ ಬಂದವನು ನಮ್ಮವನೇ ಆಗಿದ್ದರೆ ಇನ್ನೂ ಮುಜುಗರ. ಬಾಬಾಸಾಹೇಬರ ಫೋಟೋ ಹಾಕ್ಕೊಂಡು ಕಳ್ಳನ ಪರ ನಿಂತರು ಅಂತ ಅನ್ನಿಸಿಕೊಳ್ಳೋದು ಯಾಕೆ ಅಂತ. ಅವನು ಒಂಟಿಯಾಗ್ತಾನೆ. ಒಂಟಿಯಾದವನಿಂದ ಸಹಿ ಹಾಕಿಸಿಕೊಳ್ಳೋದು ಸುಲಭ.

ಆ ಒಂಟಿತನದ ಮೇಲೇ ಹದಿನಾರು ವರ್ಷ ನಡೆದ ಒಂದು ದೊಡ್ಡ ಅನ್ಯಾಯದ ಚರಿತ್ರೆ ಹೇಳ್ತೀನಿ. ನಡೆದಿದ್ದು ನಮ್ಮಲ್ಲಲ್ಲ, ಬ್ರಿಟನ್ನಿನಲ್ಲಿ. ಕಾನೂನಿಗೆ, ಕೋರ್ಟಿಗೆ ನಾವು ಇವತ್ತಿಗೂ ಉದಾಹರಣೆ ಕೊಡೋ ದೇಶದಲ್ಲಿ. ಅಲ್ಲಿಯ ಅಂಚೆ ಇಲಾಖೆ 1999ರಿಂದ 2015ರವರೆಗೆ ತನ್ನದೇ ಶಾಖೆಗಳನ್ನ ನಡೆಸುತ್ತಿದ್ದವರ ಮೇಲೆ ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಕೇಸುಗಳನ್ನ ಹಾಕಿತು. ಬೇರೆ ಸರ್ಕಾರಿ ಸಂಸ್ಥೆಗಳು ಹಾಕಿದ ಕೇಸೂ ಸೇರಿಸಿದರೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಸಾಕ್ಷಿ ಬಹುಮಟ್ಟಿಗೆ ಒಂದೇ: ಹೊರೈಜನ್ ಅನ್ನೋ ಕಂಪ್ಯೂಟರ್ ಲೆಕ್ಕ.

ಮೊದಲು ಇವರು ಯಾರು ಅಂತ ಹೇಳಬೇಕು. ಅಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಅಂದರೆ ನಮ್ಮಲ್ಲಿಯ ಹಾಗೆ ಸಂಬಳದ ಸರ್ಕಾರಿ ನೌಕರನಲ್ಲ. ಹಳ್ಳಿಯಲ್ಲೋ ಬಡಾವಣೆಯಲ್ಲೋ ಒಂದು ಅಂಗಡಿ ಇಟ್ಟುಕೊಂಡು, ಅದರೊಳಗೇ ಅಂಚೆ ಕೌಂಟರ್ ನಡೆಸೋನು. ಸ್ಟಾಂಪು, ಪಾರ್ಸೆಲ್ಲು, ಪಿಂಚಣಿ, ಉಳಿತಾಯ ಖಾತೆ ಎಲ್ಲಾ ಅಲ್ಲೇ. ಜೀವಮಾನದ ಉಳಿತಾಯ ಹಾಕಿ, ಮನೆ ಅಡವಿಟ್ಟು ಆ ಅಂಗಡಿ ಕೊಂಡವರೇ ಹೆಚ್ಚು. ಭಾರತ, ಪಾಕಿಸ್ತಾನ, ಪೂರ್ವ ಆಫ್ರಿಕಾದಿಂದ ಹೋದ ನಮ್ಮ ಕಡೆಯ ಕುಟುಂಬಗಳೂ ಬೇಕಾದಷ್ಟು ಈ ಕೆಲಸದಲ್ಲಿದ್ದವು. ಊರಲ್ಲಿ ಒಳ್ಳೆ ಮರ್ಯಾದೆಯ ಕೆಲಸ ಅದು.

ಅವರ ಕರಾರುಪತ್ರದಲ್ಲಿ ಒಂದು ಷರತ್ತಿತ್ತು. ತಮ್ಮ ಅಜಾಗರೂಕತೆಯಿಂದಲೋ ತಪ್ಪಿನಿಂದಲೋ ನಷ್ಟವಾದರೆ ಶಾಖೆಯವರೇ ತುಂಬಿಕೊಡಬೇಕು. ಇಲಾಖೆ ಅದನ್ನ ಓದಿದ್ದು ಬೇರೆ ಥರ: ಲೆಕ್ಕದಲ್ಲಿ ಕಮ್ಮಿ ಬಂತೋ, ಕಾರಣ ಏನೇ ಇರಲಿ, ತಪ್ಪು ನಿಮ್ಮದೇ, ದುಡ್ಡು ಇಡಿ.

ಕೈಬರಹದ ಲೆಕ್ಕ ಇದ್ದಾಗ ಇದು ಹೇಗೋ ನಡೀತು. ತಾಳೆ ಬರದಿದ್ದರೆ ರಾತ್ರಿ ಕೂತು, ಒಂದೊಂದೇ ಚೀಟಿ ತಿರುವಿ ಹಾಕಿ, ಎಲ್ಲಿ ಏಳು ಒಂದಾಗಿದೆ ಅಂತ ಹುಡುಕಬಹುದಿತ್ತು. ಕ್ಯಾಷ್ ಬುಕ್ ಬರೆದ ಯಾರಿಗಾದರೂ ಈ ಮಾತು ಗೊತ್ತು. 1999–2000ರಲ್ಲಿ ಹೊರೈಜನ್ ಬಂತು. ಅದರ ಹುಟ್ಟೇ ವಿಚಿತ್ರ. 1996ರಲ್ಲಿ ಶುರುವಾದಾಗ ಪಿಂಚಣಿ, ಭತ್ಯೆಗಳನ್ನ ಕಾರ್ಡಿನ ಮೂಲಕ ಹಂಚೋ ಯೋಜನೆ ಅದು. ಕೆಲಸ ತಡವಾಗಿ, ಖರ್ಚು ಏರಿ, 1999ರಲ್ಲಿ ಕಾರ್ಡಿನ ಭಾಗವನ್ನೇ ಸರ್ಕಾರ ಕೈಬಿಟ್ಟಿತು. ಉಳಿದಿದ್ದನ್ನ ಅಂಚೆ ಶಾಖೆಗಳ ಲೆಕ್ಕಕ್ಕೆ ಹಚ್ಚಿದರು. ಮಾಡಿದ ಕಂಪನಿ ಐಸಿಎಲ್, ಅದರ ಒಡೆಯ ಜಪಾನಿನ ಫುಜಿತ್ಸು.

ಬಂದ ದಿನದಿಂದಲೇ ಹಲವು ಶಾಖೆಗಳಲ್ಲಿ ಲೆಕ್ಕ ಕಮ್ಮಿ ಬರೋಕೆ ಶುರುವಾಯ್ತು. ಕೈಯಲ್ಲಿರೋ ದುಡ್ಡು ಸರಿಯಾಗೇ ಇದೆ, ಪರದೆ ಮೇಲಿನ ಅಂಕಿ ಮಾತ್ರ ‘ಇನ್ನೂ ಇಷ್ಟು ಇರಬೇಕಿತ್ತು’ ಅನ್ನುತ್ತೆ. ಹ್ಯಾಂಪ್‌ಶೈರ್‌ನ ಸೌತ್ ವಾರ್ನ್‌ಬರೋ ಹಳ್ಳಿಯ ಜೋ ಹ್ಯಾಮಿಲ್ಟನ್ ಸಹಾಯವಾಣಿಗೆ ಫೋನ್ ಮಾಡಿ ಅವರು ಹೇಳಿದ ಹಾಗೇ ಗುಂಡಿ ಒತ್ತುತ್ತಾ ಹೋದರು. ಸುಮಾರು 2,000 ಪೌಂಡ್ ಇದ್ದ ಕೊರತೆ ಕಣ್ಣೆದುರೇ 4,000 ಆಯಿತು. ಹಾಗಿದ್ದರೂ ಅದನ್ನ ನೀವೇ ಕಟ್ಟಬೇಕು ಅಂದರು. ಬ್ರಿಡ್ಲಿಂಗ್ಟನ್‌ನ ಲೀ ಕ್ಯಾಸಲ್ಟನ್ ಸಹಾಯವಾಣಿಗೆ 91 ಸಲ ಕರೆ ಮಾಡಿದ್ದರು. ನುಂಗಿ ಹಾಕೋ ಕಳ್ಳ ಯಾರಾದರೂ ‘ಸ್ವಾಮಿ, ಬಂದು ನನ್ನ ಲೆಕ್ಕ ನೋಡಿ’ ಅಂತ 91 ಸಲ ಫೋನ್ ಮಾಡ್ತಾನಾ? ಯಾವ ತನಿಖಾಧಿಕಾರಿಗೂ ಈ ಪ್ರಶ್ನೆ ಹೊಳೀಲಿಲ್ಲ.

ಮುಖ್ಯವಾದ ವಿಷಯ ಬರೋದು ಇಲ್ಲಿ. ಫೋನ್ ಮಾಡಿದ ಒಬ್ಬೊಬ್ಬರಿಗೂ, ತನಿಖೆಗೆ ಕೂತ ಒಬ್ಬೊಬ್ಬರಿಗೂ ಹೇಳಿದ ಮಾತು ಒಂದೇ: ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮ್ಮೊಬ್ಬರಿಗೇ ಹೀಗಾಗಿರೋದು. ವೇಲ್ಸಿನಲ್ಲಿ ಇರೋನಿಗೂ ಇದೇ, ಲಂಡನ್ನಿನಲ್ಲಿ ಇರೋಳಿಗೂ ಇದೇ. ಅವರು ಪಾಪ ಮನೇಲಿ ಗಂಡನಿಗೆ, ಹೆಂಡತಿಗೆ ಕೂಡ ಹೇಳದೆ ಒಡವೆ ಮಾರಿದರು, ಸಾಲ ಮಾಡಿದರು, ಕೊರತೆ ತುಂಬಿದರು. ಮುಂದಿನ ತಿಂಗಳು ಇನ್ನೊಂದು ಕೊರತೆ.

ಇದರೊಳಗೆ ಇನ್ನೊಂದು ಬೋನು ಇತ್ತು. ಅವಧಿ ಮುಗಿದಾಗ ಲೆಕ್ಕ ಸರಿಯಿದೆ ಅಂತ ಒಪ್ಪಿ ಮುಂದಕ್ಕೆ ಹಾಕದಿದ್ದರೆ ಮರುದಿನ ಕೌಂಟರ್ ನಡೆಸೋ ಹಾಗಿಲ್ಲ. ಒಪ್ಪಿದರೆ ನೀವು ಇಲ್ಲದ ದುಡ್ಡನ್ನ ಇದೆ ಅಂತ ಬರೆದ ಹಾಗಾಯ್ತು. ಅದೇ ‘ಸುಳ್ಳು ಲೆಕ್ಕ’ ಅನ್ನೋ ಕ್ರಿಮಿನಲ್ ಅಪರಾಧ. ಬಾಗಿಲು ಮುಚ್ಚಿದರೆ ಹೊಟ್ಟೆಪಾಡು ಹೋಯ್ತು, ತೆರೆದರೆ ಅಪರಾಧಿ.

ಆಮೇಲೆ ಒಂದು ಬೆಳಿಗ್ಗೆ ಅಂಗಡಿ ತೆರೆಯೋ ಮುಂಚೆಯೇ ಆಡಿಟ್‌ನವರು ಬಾಗಿಲಲ್ಲಿ. ದುಡ್ಡು, ಸ್ಟಾಂಪು ಎಣಿಸ್ತಾರೆ, ಪರದೆಯ ಅಂಕಿಗೆ ಹೋಲಿಸ್ತಾರೆ, ಬೀಗದ ಕೈ ಕಿತ್ಕೊಳ್ತಾರೆ. ಸಸ್ಪೆಂಡ್, ಸಂಬಳವಿಲ್ಲ. ಹೊರಗೆ ಪಿಂಚಣಿಗೆ ಬಂದ ಮುದುಕರು ಸಾಲಲ್ಲಿ ನಿಂತು ನೋಡ್ತಿರ್ತಾರೆ. ಆ ಹೊತ್ತಿಗೇ ಊರು ತೀರ್ಪು ಕೊಟ್ಟಾಯ್ತು. ನಂತರ ಟೇಪ್ ರೆಕಾರ್ಡರ್ ಹಚ್ಚಿ ವಿಚಾರಣೆ, ಮನೆ ಶೋಧ. ವೇಲ್ಸಿನ ಆಂಗಲ್ಸಿ ದ್ವೀಪದ ನೋಯೆಲ್ ಥಾಮಸ್ ನಾಲ್ಕು ದಶಕ ಅಂಚೆ ಕೆಲಸದಲ್ಲೇ ಸವೆದವರು, ಸ್ಥಳೀಯ ಕೌನ್ಸಿಲ್ ಸದಸ್ಯರು ಕೂಡ. ಅವರ ಮನೆ ಬಾಗಿಲಿಗೆ ಬೆಳಗಾಗುತ್ತಲೇ ಬಂದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು. 2006ರಲ್ಲಿ ಒಂಬತ್ತು ತಿಂಗಳ ಶಿಕ್ಷೆ. ಅವರ 60ನೇ ಹುಟ್ಟುಹಬ್ಬ ಜೈಲಲ್ಲೇ ಕಳೀತು.

ನಮ್ಮ ಅನುಭವದಲ್ಲಿ ದೂರು ಕೊಡೋನು ಇಲಾಖೆ, ತನಿಖೆ ಮಾಡೋನು ಪೊಲೀಸ್, ಕೇಸು ನಡೆಸೋನು ಸರ್ಕಾರಿ ವಕೀಲ. ಎಷ್ಟೇ ಕೆಟ್ಟಿದ್ದರೂ ಮೂರು ಕೈ. ಇಂಗ್ಲೆಂಡ್, ವೇಲ್ಸಿನಲ್ಲಿ ಅಂಚೆಗೆ ಬೇರೆಯದೇ ಹಳೆ ಅಧಿಕಾರ ಇತ್ತು; ಅದರ ಬೇರು 1683ರಷ್ಟು ಹಿಂದಕ್ಕೆ ಹೋಗುತ್ತೆ ಅಂತಾರೆ. ತನಿಖಾ ದಳ ಅವರದೇ, ವಕೀಲರು ಅವರದೇ, ಕೋರ್ಟಿಗೆ ಕೇಸು ಹಾಕೋರೂ ಅವರೇ. ಪೊಲೀಸರನ್ನ ಬೇಕಾದಾಗ ನೆರವಿಗೆ ಕರೀತಿದ್ದರು ಅಷ್ಟೇ. 900 ಚಿಲ್ಲರೆ ಕೇಸಲ್ಲಿ ಸುಮಾರು 700 ಇವರೇ ಹಾಕಿದ್ದು. ನಷ್ಟವಾಯ್ತು ಅಂತ ಹೇಳೋನೇ ನ್ಯಾಯ ಕೇಳೋನೂ ಆದರೆ ತನ್ನ ಮಿಷಿನ್ನಿನ ತಪ್ಪನ್ನ ಅವನು ಹುಡುಕ್ತಾನಾ?

ಕೇಸು ಹಾಕಿದ ಮೇಲೆ ವ್ಯಾಪಾರ ಶುರು. ಕಳ್ಳತನದ ಆರೋಪ ಕೈಬಿಡ್ತೀವಿ, ಜೈಲು ತಪ್ಪಬಹುದು. ಸುಳ್ಳು ಲೆಕ್ಕ ಬರೆದೆ ಅಂತ ಒಪ್ಪಿಕೊಳ್ಳಿ, ದುಡ್ಡು ಕಟ್ಟಿ, ಹೊರೈಜನ್ ಬಗ್ಗೆ ಮಾತಾಡಬೇಡಿ. ಜೋ ಹ್ಯಾಮಿಲ್ಟನ್ 36,000 ಪೌಂಡ್ ಆರೋಪದಲ್ಲಿ ಹೀಗೇ ಒಪ್ಪಿಕೊಂಡರು. ಊರಿನವರು ಚಂದಾ ಎತ್ತಿ ದುಡ್ಡು ಕೂಡಿಸಿದರು, ಕೋರ್ಟ್ ತುಂಬಾ ಬಂದು ಕೂತರು. ಅವರು ಜೈಲಿಗೆ ಹೋಗಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಕೌಂಟರ್ ಕೆಲಸಕ್ಕಿದ್ದ ಟ್ರೇಸಿ ಫೆಲ್‌ಸ್ಟೆಡ್‌ಗೆ 19 ವರ್ಷ. ತಪ್ಪು ಮಾಡಿಲ್ಲ ಅಂತ ಗಟ್ಟಿಯಾಗಿ ನಿಂತಳು. ಆರು ತಿಂಗಳ ಜೈಲು. ನಾಟಿಂಗ್‌ಹ್ಯಾಮ್‌ಶೈರ್‌ನ ಹರ್ಜಿಂದರ್ ಬುಟೋಯ್‌ಗೆ 2008ರಲ್ಲಿ ಮೂರು ವರ್ಷ ಮೂರು ತಿಂಗಳು. ಲೀ ಕ್ಯಾಸಲ್ಟನ್‌ದು ಸಿವಿಲ್ ದಾವೆ. ವಕೀಲರಿಗೆ ಕೊಡೋಕೆ ದುಡ್ಡಿಲ್ಲದೆ ಅವರೇ ವಾದ ಮಾಡಿದರು. 25,000 ಪೌಂಡ್ ಚಿಲ್ಲರೆಯ ಜಗಳಕ್ಕೆ 2007ರಲ್ಲಿ ಅವರ ಮೇಲೆ ಬಿದ್ದ ಎದುರು ಪಕ್ಷದ ಖರ್ಚು 3,21,000 ಪೌಂಡ್. ದಿವಾಳಿ ಎದ್ದರು.

ಸೀಮಾ ಮಿಶ್ರಾ ಅವರ ಕೇಸನ್ನ ಸ್ವಲ್ಪ ನಿಧಾನವಾಗಿ ಹೇಳಬೇಕು. ಭಾರತದಿಂದ ಹೋದ ಹೆಣ್ಣುಮಗಳು. ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಗಂಡನ ಜೊತೆ ಶಾಖೆ ನಡೆಸ್ತಿದ್ದರು. ಆರೋಪ 74,000 ಪೌಂಡ್ ಮೇಲೆ. ಅವರು ಕಳ್ಳತನ ಒಪ್ಪಿಕೊಳ್ಳಲಿಲ್ಲ, ತಪ್ಪು ಹೊರೈಜನ್‌ದು ಅಂದರು, ಕಂಪ್ಯೂಟರಿನ ಒಳಗಿನ ದಾಖಲೆ ಕೊಡಿ ಅಂತ ಮತ್ತೆ ಮತ್ತೆ ಕೇಳಿದರು. ಪೂರ್ತಿ ಕೊಡಲಿಲ್ಲ. 2010ರ ಅಕ್ಟೋಬರಿನಲ್ಲಿ ಗಿಲ್ಡ್‌ಫರ್ಡ್ ಕೋರ್ಟಿನಲ್ಲಿ ವಿಚಾರಣೆ. ಅದು ಶುರುವಾಗೋ ಕೆಲವೇ ದಿನ ಮುಂಚೆ ಸುಮಾರು 60 ಶಾಖೆಗಳ ಲೆಕ್ಕ ಕೆಡಿಸಿದ್ದ ಒಂದು ದೋಷದ ಬಗ್ಗೆ ಫುಜಿತ್ಸು ಬರೆದ ಟಿಪ್ಪಣಿ ಅಂಚೆಯ ಕಾನೂನು ವಿಭಾಗಕ್ಕೆ ತಲುಪಿತ್ತು. ಅದನ್ನ ಆಕೆಯ ವಕೀಲರಿಗೆ ತೋರಿಸಲಿಲ್ಲ. ನವೆಂಬರ್ 11ರಂದು 15 ತಿಂಗಳ ಶಿಕ್ಷೆ. ಅವತ್ತು ಮಗನ ಹತ್ತನೇ ಹುಟ್ಟುಹಬ್ಬ. ಆಕೆ ಎಂಟು ವಾರದ ಬಸುರಿ. ಕೋರ್ಟಿನಲ್ಲೇ ಮೂರ್ಛೆ ಬಿದ್ದರು. ಎರಡನೇ ಮಗು ಹೆತ್ತಾಗ ಕಾಲಲ್ಲಿ ಎಲೆಕ್ಟ್ರಾನಿಕ್ ಟ್ಯಾಗ್ ಇತ್ತು. ಪತ್ರಿಕೆಯಲ್ಲಿ ಗರ್ಭಿಣಿ ಕಳ್ಳಿ ಅಂತ ಬಂತು. ಗಂಡನಿಗೆ ಊರಲ್ಲಿ ಹೊಡೆದರು. ಅತ್ತ ಅಂಚೆಯ ಮೇಲಿನವರು ಈ ತೀರ್ಪಿಗೆ ಒಬ್ಬರಿಗೊಬ್ಬರು ಅಭಿನಂದನೆ ಹೇಳಿ ಇಮೇಲ್ ಕಳಿಸಿಕೊಂಡರು. ಇನ್ನು ಮುಂದೆ ಯಾರೂ ಹೊರೈಜನ್ ಮೇಲೆ ಬೆರಳು ತೋರಿಸಲ್ಲ ಅನ್ನೋ ಸಮಾಧಾನ ಅವರಿಗೆ.

ಹ್ಯಾಮಿಲ್ಟನ್ ಹಿಂದೆ ಊರು ನಿಂತಿತು, ಮಿಶ್ರಾ ಗಂಡನಿಗೆ ಊರು ಹೊಡೀತು. ಇದಕ್ಕೆ ಬಣ್ಣ ಒಂದೇ ಕಾರಣ ಅಂತ ನಾನು ಹೇಳಲ್ಲ. ಥಾಮಸ್, ಕ್ಯಾಸಲ್ಟನ್, ಫೆಲ್‌ಸ್ಟೆಡ್ ಥರದ ಬಿಳಿಯರೂ ನೂರಾರು ಮಂದಿ ನರಳಿದ್ದಾರೆ. ಮಾರ್ಟಿನ್ ಗ್ರಿಫಿತ್ಸ್ ಅನ್ನೋರು 2013ರಲ್ಲಿ ಜೀವವನ್ನೇ ಕಳಕೊಂಡರು. ಆದರೆ ಬಣ್ಣ ಇರಲೇ ಇಲ್ಲ ಅನ್ನೋ ಹಾಗೂ ಇಲ್ಲ. 2023ರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದಾಗ ಅಂಚೆ ತನಿಖಾಧಿಕಾರಿಗಳು ಬಳಸುತ್ತಿದ್ದ ಒಂದು ಕಡತ ಹೊರಬಿತ್ತು. ಶಂಕಿತರನ್ನ ಗುರುತಿಸೋಕೆ ಒಂದು ಸಂಖ್ಯೆಯ ಪಟ್ಟಿ. ‘ನೀಗ್ರಾಯ್ಡ್ ಮಾದರಿ’, ‘ಭಾರತೀಯ/ಪಾಕಿಸ್ತಾನಿ ಮಾದರಿ’, ‘ಚೀನೀ/ಜಪಾನೀ ಮಾದರಿ’, ‘ಕಪ್ಪು ಚರ್ಮದ ಯುರೋಪಿಯನ್ ಮಾದರಿ’ ಹೀಗೆ. 21ನೇ ಶತಮಾನದಲ್ಲಿ! ಇಲಾಖೆ ಕ್ಷಮೆ ಕೇಳಿತು, ಹಳೆ ಕಡತ ಅಂದಿತು.

ಅದನ್ನ ಓದಿದಾಗ ನನಗೇನೂ ಹೊಸದು ಅನ್ನಿಸಲಿಲ್ಲ. ಇದೇ ಬ್ರಿಟಿಷರು 1871ರಲ್ಲಿ ಇಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಇಡೀ ಸಮುದಾಯಗಳನ್ನೇ ಹುಟ್ಟಿನಿಂದಲೇ ಕಳ್ಳರು ಅಂತ ರಿಜಿಸ್ಟರಿನಲ್ಲಿ ಬರೆದವರು. ಕೊರಚರು, ಕೊರಮರು ಬೆರಳಚ್ಚು ಕೊಟ್ಟು, ಹಾಜರಿ ಹಾಕಿ, ಚೀಟಿ ತಗೊಂಡು ಊರು ದಾಟಬೇಕಿತ್ತು. ಹುಬ್ಬಳ್ಳಿಯಲ್ಲಿ ತಂತಿ ಬೇಲಿಯೊಳಗೆ ಅವರನ್ನ ಕೂಡಿಟ್ಟ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಆ ಕಾಯ್ದೆ ಹೋಗಿದ್ದು ಸ್ವಾತಂತ್ರ್ಯ ಬಂದ ಮೇಲೂ ಐದು ವರ್ಷ ಕಳೆದು, 1952ರಲ್ಲಿ. ಕಾಯ್ದೆ ಹೋಯ್ತು, ಕಣ್ಣು ಹೋಗಲಿಲ್ಲ. ಆಫೀಸಲ್ಲಿ ಸ್ಟಾಕಿನಲ್ಲೋ ಕ್ಯಾಷಿನಲ್ಲೋ ಏನಾದರೂ ಕಮ್ಮಿ ಬಂದ ದಿನ ಎಲ್ಲರ ಕಣ್ಣು ಮೊದಲು ಯಾವ ಟೇಬಲ್ ಕಡೆ ತಿರುಗುತ್ತೆ ಅಂತ ನಮ್ಮಲ್ಲಿ ಕೆಲಸ ಮಾಡೋರಿಗೆ ಹೇಳಿಕೊಡಬೇಕಾಗಿಲ್ಲ. ‘ಕೋಟಾದಲ್ಲಿ ಬಂದೋರು, ಕಂಡಿರಲಿಲ್ಲ ಅಷ್ಟು ದುಡ್ಡು’ ಅನ್ನೋ ಮಾತನ್ನ ನಾನೇ ಕೇಳಿಸ್ಕೊಂಡಿದೀನಿ, ಟೀ ಕುಡಿಯೋ ಹೊತ್ತಲ್ಲಿ, ನನ್ನ ಎದುರೇ.

ಈಗ ಕಾನೂನಿನ ಮಾತು. ಇದು ಸ್ವಲ್ಪ ಒಣ ವಿಷಯ, ಆದರೆ ನಮ್ಮ ವಕೀಲ ಗೆಳೆಯರು ಓದಲೇಬೇಕು. ಇಂಗ್ಲೆಂಡಿನಲ್ಲಿ 1984ರ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ಕಂಪ್ಯೂಟರ್ ದಾಖಲೆಯನ್ನ ಕ್ರಿಮಿನಲ್ ಕೇಸಲ್ಲಿ ಸಾಕ್ಷಿಯಾಗಿ ಕೊಡಬೇಕಾದರೆ ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡ್ತಿತ್ತು ಅಂತ ಮೊದಲು ತೋರಿಸಬೇಕಿತ್ತು. ಇದು ಅನಗತ್ಯ ತೊಡಕು ಅಂತ ಅವರ ಕಾನೂನು ಆಯೋಗ 1997ರಲ್ಲಿ ಹೇಳಿತು. 1999ರ ಕಾಯ್ದೆಯಿಂದ ಆ ಸೆಕ್ಷನ್ ತೆಗೆದರು. ಅಲ್ಲಿಂದ ಮುಂದೆ ಮಿಷಿನ್ ಸರಿಯಾಗಿದೆ ಅಂತಲೇ ಕೋರ್ಟ್ ಭಾವಿಸಬೇಕು, ತಪ್ಪಿದೆ ಅನ್ನೋನು ತೋರಿಸಲಿ ಅಂತಾಯ್ತು. ಹೊರೈಜನ್ ಬಂದಿದ್ದೂ ಅದೇ ಹೊತ್ತಿಗೆ. ಹಳ್ಳಿ ಅಂಗಡಿಯ ಹೆಂಗಸು ಫುಜಿತ್ಸುವಿನ ಸರ್ವರಿನೊಳಗೆ ಹೋಗಿ ದೋಷ ತೋರಿಸೋದು ಹೇಗೆ?

ನಮ್ಮ ಕಡೆ ಏನಾಯ್ತು ಅಂದರೆ, 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ ಬಂದಾಗ ಸಾಕ್ಷ್ಯ ಕಾಯ್ದೆಗೆ 65ಬಿ ಸೇರಿಸಿದರು. ಅದರ ಮಾತುಗಳು ಬಹುಪಾಲು ಇಂಗ್ಲೆಂಡಿನ 1968ರ ಸಿವಿಲ್ ಸಾಕ್ಷ್ಯ ಕಾಯ್ದೆಯ 5ನೇ ಸೆಕ್ಷನ್ನಿಂದ ತಂದಿದ್ದು. ಇಂಗ್ಲೆಂಡ್ ಅದನ್ನ 1995ರಲ್ಲೇ ಕೈಬಿಟ್ಟಿತ್ತು. ಅವರು ಬಿಸಾಕಿದ್ದನ್ನ ನಾವು ತಂದ್ಕೊಂಡ್ವಿ ಅಂತ ನಮ್ಮ ಕಾನೂನು ಪಂಡಿತರು ನಗಾಡಿದ್ದೂ ಉಂಟು. ಆ ಹಳೇ ಸೆಕ್ಷನ್ನಲ್ಲಿ ಆ ಅವಧಿಯಲ್ಲಿ ಕಂಪ್ಯೂಟರ್ ಸರಿಯಾಗಿ ನಡೀತಿತ್ತು ಅನ್ನೋ ಷರತ್ತು ಇದೆ, ಅದಕ್ಕೆ ಒಬ್ಬರು ಸಹಿ ಹಾಕಿ ಸರ್ಟಿಫಿಕೇಟ್ ಕೊಡಬೇಕು. 2014ರಲ್ಲಿ, ಮತ್ತೆ 2020ರಲ್ಲಿ ಸುಪ್ರೀಂ ಕೋರ್ಟ್ ಆ ಸರ್ಟಿಫಿಕೇಟ್ ಕಡ್ಡಾಯ ಅಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಲ್ಲೂ ಅದು ಉಳಿದಿದೆ, ತಜ್ಞರ ಸಹಿಯೂ ಸೇರಿದೆ. ಆದರೆ ಇದು ಕೋರ್ಟಿನ ಮಾತು. ಇಲಾಖಾ ವಿಚಾರಣೆಗೆ ಸಾಕ್ಷ್ಯ ಕಾಯ್ದೆಯ ಬಿಗಿ ನಿಯಮ ಅನ್ವಯಿಸಲ್ಲ. ಅಲ್ಲಿ ಒಂದು ಪ್ರಿಂಟೌಟ್ ತಂದಿಟ್ಟು ‘ಇದೇನಪ್ಪಾ?’ ಅಂತ ಕೇಳ್ತಾರೆ. ನಮ್ಮವರ ಕೆಲಸ ಹೋಗೋದು ಹೆಚ್ಚಾಗಿ ಅಲ್ಲೇ.

ಇನ್ನೊಂದು ವಿಷಯ. ಶಾಖೆಯ ಲೆಕ್ಕವನ್ನ ಶಾಖೆಯವರು ಬಿಟ್ಟರೆ ಬೇರೆ ಯಾರೂ ಮುಟ್ಟೋಕೆ ಆಗಲ್ಲ ಅಂತ ಅಂಚೆಯವರು ವರ್ಷಗಟ್ಟಲೆ ಹೇಳಿದರು. ಫುಜಿತ್ಸುವಿನಲ್ಲಿ ಕೆಲಸ ಮಾಡಿದ್ದ ರಿಚರ್ಡ್ ರೋಲ್ 2015ರಲ್ಲಿ ಬಿಬಿಸಿಯಲ್ಲಿ ಬಾಯಿ ಬಿಟ್ಟರು: ದೂರದಲ್ಲಿ ಕೂತು ನಾವು ಶಾಖೆಯ ಲೆಕ್ಕದೊಳಗೆ ಹೋಗ್ತಿದ್ದೆವು, ಅವರಿಗೆ ಗೊತ್ತೇ ಆಗ್ತಿರಲಿಲ್ಲ. ನಮ್ಮ ಆಫೀಸುಗಳನ್ನ ನೆನೆಸಿಕೊಳ್ಳಿ. ಎಷ್ಟು ಕಡೆ ಸಾಹೇಬರ ಡಿಜಿಟಲ್ ಸಹಿಯ ಡಾಂಗಲ್ ಕ್ಲರ್ಕಿನ ಡ್ರಾಯರಲ್ಲಿ ಇರುತ್ತೆ, ಎಷ್ಟು ಕಡೆ ಒಬ್ಬರ ಲಾಗಿನ್ನಲ್ಲಿ ನಾಲ್ಕು ಜನ ಕೆಲಸ ಮಾಡ್ತಾರೆ? ಬಿಲ್ಲು ಪಾಸಾಗೋವರೆಗೂ ಅದು ಅನುಕೂಲ. ಹೆಚ್ಚುಕಮ್ಮಿ ಆದ ದಿನ ಆ ಲಾಗಿನ್ ಯಾರ ಹೆಸರಲ್ಲಿದೆಯೋ, ಡಾಂಗಲ್ ಯಾರ ಡ್ರಾಯರಲ್ಲಿ ಸಿಕ್ಕಿತೋ ಅವನೇ ಆರೋಪಿ. ಸಾಹೇಬರು ‘ನಂಬಿ ಕೊಟ್ಟಿದ್ದೆ’ ಅಂತಾರೆ.

ಮತ್ತೆ ಬ್ರಿಟನ್ನಿಗೆ ಬರ್ತೀನಿ. ‘ನಿಮ್ಮೊಬ್ಬರಿಗೇ’ ಅನ್ನೋ ಸುಳ್ಳು ಒಡೆದಿದ್ದು ಹೇಗೆ? ಕೋರ್ಟಿನಿಂದ ಅಲ್ಲ, ಪಾರ್ಲಿಮೆಂಟಿನಿಂದಲೂ ಅಲ್ಲ. ವೇಲ್ಸಿನ ಲಾಂಡಿಡ್ನೊ ಹತ್ತಿರ ಶಾಖೆ ನಡೆಸ್ತಿದ್ದ ಅಲನ್ ಬೇಟ್ಸ್ ಅನ್ನೋರು ಮೊದಲಿಂದಲೂ ಒಂದು ಹಟ ಹಿಡಿದಿದ್ದರು: ಕಾರಣ ತೋರಿಸದೆ ನಾನು ಕೊರತೆ ಕಟ್ಟಲ್ಲ, ಲೆಕ್ಕ ಸರಿ ಅಂತ ಒಪ್ಪಿ ಮುಂದಕ್ಕೂ ಹಾಕಲ್ಲ. 2003ರಲ್ಲಿ ಅವರ ಕರಾರು ರದ್ದಾಯ್ತು. ಕ್ರಿಮಿನಲ್ ಕೇಸು ಬೀಳಲಿಲ್ಲ, ಯಾಕಂದರೆ ಸುಳ್ಳು ಸಹಿ ಹಾಕಿರಲಿಲ್ಲ. 2009ರ ಮೇ ತಿಂಗಳಲ್ಲಿ ಕಂಪ್ಯೂಟರ್ ವೀಕ್ಲಿ ಅನ್ನೋ ಪತ್ರಿಕೆ ಏಳು ಮಂದಿಯ ಕತೆ ಒಟ್ಟಿಗೆ ಹಾಕಿತು. ದೊಡ್ಡ ಪತ್ರಿಕೆಗಳು ಮೂಸಿ ನೋಡಲಿಲ್ಲ. ಆದರೆ ಓದಿದ ಸಬ್ ಪೋಸ್ಟ್‌ಮಾಸ್ಟರುಗಳಿಗೆ ಗೊತ್ತಾಯ್ತು, ನನ್ನೊಬ್ಬನಿಗೇ ಅಲ್ಲ ಅಂತ. ಅದೇ ವರ್ಷ ಫೆನ್ನಿ ಕಾಂಪ್ಟನ್ ಅನ್ನೋ ಹಳ್ಳಿಯ ಸಮುದಾಯ ಭವನದಲ್ಲಿ ಕೆಲವರು ಸೇರಿದರು. ಜೈಲು ಕಂಡವರು, ದಿವಾಳಿಯಾದವರು, ಊರಲ್ಲಿ ಮುಖ ತೋರಿಸೋಕಾಗದವರು. ಒಬ್ಬೊಬ್ಬರಾಗಿ ಎದ್ದು ತಮ್ಮ ಕತೆ ಹೇಳಿದರೆ ಎಲ್ಲರದೂ ಒಂದೇ ಕತೆ.

ಅವರ ಸಂಘ ಏನು ಮಾಡ್ತಿತ್ತು ಅಂತ ಕೇಳ್ತೀರಾ? ಸಬ್ ಪೋಸ್ಟ್‌ಮಾಸ್ಟರುಗಳ ರಾಷ್ಟ್ರೀಯ ಒಕ್ಕೂಟ ಇತ್ತು, ಅದು ಹೊರೈಜನ್ ಪರವೇ ನಿಂತಿತ್ತು. ಆಮೇಲಾಮೇಲೆ ಆ ಒಕ್ಕೂಟಕ್ಕೆ ದುಡ್ಡು ಬರ್ತಿದ್ದಿದ್ದೇ ಅಂಚೆಯಿಂದ. ಕ್ಯಾಲೆಂಡರ್ ಬಿಡುಗಡೆಗೆ ಸಾಹೇಬರನ್ನ ಕರೆಯೋ ನೌಕರರ ಸಂಘಗಳನ್ನ ನೋಡಿರೋ ನಮಗೆ ಇದೂ ಹೊಸದಲ್ಲ.

2012ರಲ್ಲಿ ಸಂಸದರ ಒತ್ತಡಕ್ಕೆ ಸೆಕೆಂಡ್ ಸೈಟ್ ಅನ್ನೋ ಲೆಕ್ಕ ತನಿಖಾ ಸಂಸ್ಥೆಯನ್ನ ನೇಮಿಸಿದರು. ಅವರು ನಿಜ ಹೇಳೋಕೆ ಶುರು ಮಾಡಿದ ಮೇಲೆ 2015ರಲ್ಲಿ ಮನೆಗೆ ಕಳಿಸಿದರು. 2013ರಲ್ಲೇ ಅಂಚೆಯ ಪರ ಕೆಲಸ ಮಾಡ್ತಿದ್ದ ಬ್ಯಾರಿಸ್ಟರ್ ಸೈಮನ್ ಕ್ಲಾರ್ಕ್, ಫುಜಿತ್ಸುವಿನ ತಜ್ಞ ಸಾಕ್ಷಿ ತನಗೆ ಗೊತ್ತಿದ್ದ ದೋಷಗಳನ್ನ ಕೋರ್ಟಿಗೆ ಹೇಳಿಲ್ಲ, ಆ ಸಾಕ್ಷಿಯನ್ನ ಇನ್ನು ನಂಬೋ ಹಾಗಿಲ್ಲ ಅಂತ ಲಿಖಿತ ಸಲಹೆ ಕೊಟ್ಟಿದ್ದರು. ಶಿಕ್ಷೆಯಾದವರ ಕೈಗೆ ಆ ಕಾಗದ ಸೇರಿದ್ದು ಏಳು ವರ್ಷದ ಮೇಲೆ. ಆ ಏಳು ವರ್ಷ ಅವರು ಕಳ್ಳರಾಗೇ ಬದುಕಿದರು, ಕೆಲವರು ಕಳ್ಳರಾಗೇ ಸತ್ತರು.

ಕೊನೆಗೆ 555 ಮಂದಿ ಒಟ್ಟಾಗಿ ಹೈಕೋರ್ಟಿಗೆ ಹೋದರು. 2019ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಫ್ರೇಸರ್ ಹೊರೈಜನ್‌ನಲ್ಲಿ ದೋಷಗಳಿದ್ದವು, ಅವು ಶಾಖೆಯ ಲೆಕ್ಕ ಕೆಡಿಸಬಲ್ಲವಾಗಿದ್ದವು ಅಂತ ತೀರ್ಪು ಕೊಟ್ಟರು. ಅಂಚೆಯ ವಾದವನ್ನ ಭೂಮಿ ಚಪ್ಪಟೆ ಅನ್ನೋರ ವಾದಕ್ಕೆ ಹೋಲಿಸಿದರು. ರಾಜಿಯಲ್ಲಿ ಬಂದ 5.77 ಕೋಟಿ ಪೌಂಡಿನಲ್ಲಿ ಬಹುಪಾಲು ದಾವೆಯ ಖರ್ಚಿಗೇ ಹೋಗಿ, ತಲೆಗೆ ಸಿಕ್ಕಿದ್ದು ಸುಮಾರು 20,000. 2021ರ ಏಪ್ರಿಲ್ 23ರಂದು ಮೇಲ್ಮನವಿ ಕೋರ್ಟ್ ಒಂದೇ ದಿನ 39 ಜನರ ಶಿಕ್ಷೆ ರದ್ದು ಮಾಡಿತು. ಹ್ಯಾಮಿಲ್ಟನ್, ಥಾಮಸ್, ಫೆಲ್‌ಸ್ಟೆಡ್, ಬುಟೋಯ್, ಮಿಶ್ರಾ ಅದರಲ್ಲಿದ್ದರು. ಉಳಿದ ನೂರಾರು ಜನರಿಗೆ ಬಿಡುಗಡೆ ಸಿಗೋಕೆ 2024ರ ಜನವರಿಯಲ್ಲಿ ಟೀವಿಯಲ್ಲಿ ಧಾರಾವಾಹಿ ಬಂದು ದೇಶವೇ ಸಿಟ್ಟಿಗೇಳಬೇಕಾಯ್ತು. ಆ ಮೇ ತಿಂಗಳಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿ ನೂರಾರು ಜನರ ಶಿಕ್ಷೆಯನ್ನ ಒಟ್ಟಿಗೆ ಅಳಿಸಿತು. ಇಪ್ಪತ್ತು ವರ್ಷದ ದಾಖಲೆ, ವರದಿ, ತೀರ್ಪಿಗೆ ಅಲುಗಾಡದ ಸರ್ಕಾರ ನಾಲ್ಕು ಕಂತಿನ ಧಾರಾವಾಹಿಗೆ ಅಲುಗಾಡಿತು.

ನಮ್ಮ ಹುಡುಗರಿಗೆ, ಹೆಣ್ಣುಮಕ್ಕಳಿಗೆ ಇದರ ಜೊತೆ ಒಂದು ಚರಿತ್ರೆ ಹೇಳಬೇಕು. ಸಂವಿಧಾನ ಸಭೆಯಲ್ಲಿ ಜೀವ ಮತ್ತು ಸ್ವಾತಂತ್ರ್ಯದ ವಿಧಿಯಿಂದ ನ್ಯಾಯಯುತ ಪ್ರಕ್ರಿಯೆ ಅನ್ನೋ ಮಾತು ಕೈಬಿಟ್ಟು ಹೋದಾಗ ಬಾಬಾಸಾಹೇಬರಿಗೆ ಅದು ಕೊರೀತಾನೇ ಇತ್ತು. 1949ರ ಸೆಪ್ಟೆಂಬರ್ 15ರಂದು, ಕರಡು ಮುಗಿಯೋ ಹೊತ್ತಿಗೆ, ಆ ನಷ್ಟ ತುಂಬೋಕೆ ಅಂತಲೇ 15ಎ ಅನ್ನೋ ಹೊಸ ವಿಧಿ ಮಂಡಿಸಿದರು. ಅದೇ ಇವತ್ತಿನ 22ನೇ ವಿಧಿ. ಬಂಧಿಸಿದರೆ ಕಾರಣ ಹೇಳಬೇಕು, ತನಗೆ ಬೇಕಾದ ವಕೀಲರನ್ನ ಕಾಣೋಕೆ ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಅದೇ ವಿಧಿಯಲ್ಲಿ ಮುಂಜಾಗ್ರತಾ ಬಂಧನವೂ ಇದೆ, ಅದರ ಟೀಕೆ ಇನ್ನೊಂದು ದಿನ ಮಾಡೋಣ. ಆದರೆ ಠಾಣೆಯ ಬೆಂಚಿನ ಮೇಲೆ ಕೂತ ಗುಮಾಸ್ತನ ಕೈಯಲ್ಲಿರೋದು ಈ ಮೂರು ಸಾಲು.

ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಸುಮ್ಮಸುಮ್ಮನೆ ಬಂಧಿಸಬಾರದು, ಮೊದಲು ನೋಟಿಸ್ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಅರ್ನೇಶ್ ಕುಮಾರ್ ಕೇಸಲ್ಲಿ ಹೇಳಿದೆ. ಸರ್ಕಾರಿ ನೌಕರನಿಗೆ ಅದರ ರಕ್ಷಣೆ ಅಷ್ಟಾಗಿ ಸಿಗಲ್ಲ. ಹಳೇ ಐಪಿಸಿ 409, ಈಗಿನ ನ್ಯಾಯ ಸಂಹಿತೆಯ 316(5), ನೌಕರನ ನಂಬಿಕೆದ್ರೋಹಕ್ಕೆ ಜೀವಾವಧಿವರೆಗೂ ಶಿಕ್ಷೆ ಇಟ್ಟಿದೆ. ಜಾಮೀನು ಸಿಗದೆ 48 ಗಂಟೆ ಮೀರಿ ಒಳಗಿದ್ದರೆ ನಮ್ಮ ರಾಜ್ಯದ ಸಿಸಿಎ ನಿಯಮದ ಪ್ರಕಾರ ತಾನಾಗೇ ಅಮಾನತು. ಅಂದರೆ ಲೆಕ್ಕ ಯಾರೂ ನೋಡೋ ಮುಂಚೆಯೇ ಠಾಣೆ, ಜೈಲು, ಅಮಾನತು, ಪೇಪರಲ್ಲಿ ಫೋಟೋ ಎಲ್ಲಾ ಮುಗಿದಿರುತ್ತೆ. ಅದಕ್ಕೇ ಹೇಳ್ತಿರೋದು, ಮೊದಲ ಎರಡು ದಿನದಲ್ಲಿ ಯಾರಾದರೂ ಠಾಣೆಗೆ ಹೋಗಿ ನಿಲ್ಲಬೇಕು. ತಿಂದಿಲ್ಲ ಅಂತ ಪ್ರಮಾಣ ಮಾಡೋಕಲ್ಲ, ನಾವು ಯಾರೂ ದೇವರಲ್ಲ. ತಿಂದವರೂ ಇರ್ತಾರೆ, ಅವರು ಅನುಭವಿಸಲಿ. ಬಂಧನದ ಕಾರಣ ಕೇಳೋಕೆ, ವಕೀಲರನ್ನ ಮುಟ್ಟಿಸೋಕೆ, ಓದದೆ ಯಾವ ತಪ್ಪೊಪ್ಪಿಗೆಗೂ ಸಹಿ ಹಾಕಬೇಡ ಅಂತ ಹೇಳೋಕೆ, ಅದೇ ಸಾಫ್ಟ್‌ವೇರ್ ಬಳಸೋ ಪಕ್ಕದ ತಾಲ್ಲೂಕಿನಲ್ಲಿ ಹಿಂಗೇ ಆಗಿದೆಯಾ ಅಂತ ವಿಚಾರಿಸೋಕೆ. ನಮ್ಮ ಜಿಲ್ಲಾ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನ ಇಡ್ತೀನಿ. ಸರ್ವಿಸ್ ಕಾನೂನು ಗೊತ್ತಿರೋ ವಕೀಲರು, ನಿವೃತ್ತ ಲೆಕ್ಕ ಅಧೀಕ್ಷಕರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ.

ಬ್ರಿಟನ್ನಿನಲ್ಲಿ ನಿವೃತ್ತ ನ್ಯಾಯಮೂರ್ತಿ ವಿನ್ ವಿಲಿಯಮ್ಸ್ ವಿಚಾರಣಾ ಆಯೋಗದ ಮೊದಲ ಸಂಪುಟ 2025ರ ಜುಲೈನಲ್ಲಿ ಬಂತು. ಈ ಪ್ರಕರಣದಿಂದಾಗಿ ಕನಿಷ್ಠ 13 ಮಂದಿ ಆತ್ಮಹತ್ಯೆ ಮಾಡಿಕೊಂಡಿರಬಹುದು ಅಂತ ಅದರಲ್ಲಿದೆ. ಅಂಚೆಯ ಮುಖ್ಯಸ್ಥೆಯಾಗಿದ್ದ ಪೌಲಾ ವೆನ್ನೆಲ್ಸ್ ರಾಣಿ ಕೊಟ್ಟ ಬಿರುದು ವಾಪಸ್ ಕೊಟ್ಟಿದ್ದಾರೆ. ಪೊಲೀಸರು ಈಗ ಅಧಿಕಾರಿಗಳ ಮೇಲೆ, ಫುಜಿತ್ಸುವಿನವರ ಮೇಲೆ ತನಿಖೆ ನಡೆಸ್ತಿದ್ದಾರೆ. ಆ ವರದಿ ಬಂದಾಗಲೂ ಒಬ್ಬರಿಗೂ ಶಿಕ್ಷೆ ಆಗಿರಲಿಲ್ಲ. ಈ ನಡುವೆ ಇನ್ನೊಂದು ಗಂಟು ಬಿಚ್ಚಿಕೊಂಡಿದೆ. ಹೊರೈಜನ್‌ಗೂ ಮುಂಚೆ, 1990ರ ದಶಕದಲ್ಲಿ, ಕ್ಯಾಪ್ಚರ್ ಅನ್ನೋ ಸಾಫ್ಟ್‌ವೇರನ್ನ ಅಂಚೆ ಹಲವು ಶಾಖೆಗಳಿಗೆ ಕೊಟ್ಟಿತ್ತು. ಅದೂ ಸುಳ್ಳು ಕೊರತೆ ತೋರಿಸಿರೋ ಸಾಧ್ಯತೆ ಇದೆ ಅಂತ 2024ರಲ್ಲಿ ಸ್ವತಂತ್ರ ತನಿಖೆ ಹೇಳಿತು, ಸರ್ಕಾರ ಒಪ್ಪಿತು. ಅದರ ಲೆಕ್ಕ ನಂಬಿ ಶಿಕ್ಷೆಯಾದವರ ಕಡತಗಳನ್ನ ಈಗ ಹುಡುಕ್ತಿದ್ದಾರೆ. ಮೂವತ್ತು ವರ್ಷದ ಹಿಂದಿನ ಕಾಗದ, ಬಹಳಷ್ಟು ಸಿಕ್ತಿಲ್ಲ.